ಮೂವತ್ತೊಂದನೇ ದೃಶ್ಯ

ಜನವರಿ 9

ಪ್ರೀತಿಯ ಅಕ್ಕ,

ಕೊನೆಗೂ ಒಪ್ಪಿಗೆ ಸಿಕ್ಕಿತು. ನಿರ್ಮಾಪಕರು ಕುರ್ಚಿಯಿಂದ ಎದ್ದು ಕೈ ಚಾಚಿದಾಗ ನನ್ನ ಹಿಂದೆ ಇನ್ಯಾರೋ ದೊಡ್ಡವರು ನಿಂತಿರಬೇಕು ಎಂದು ತಿರುಗಿ ನೋಡಿದೆ. ಪೂರ್ತಿ ಉದ್ದದ ಸಿನಿಮಾ ಅಕ್ಕಾ! ಕಥೆ ನನ್ನದು, ಚಿತ್ರಕಥೆ ನನ್ನದು, ನಿರ್ದೇಶನ ನನ್ನದು. ಅವರು ಹಾಕಿದ ಷರತ್ತು ಒಂದೇ. ಚಿತ್ರದಲ್ಲಿ ಒಂದು ಸಾಲೂ ಶಾಲೆ, ಕಚೇರಿಗಳ ದೊಡ್ಡ ಭಾಷೆಯಲ್ಲಿ ಇರಕೂಡದು, ಎಲ್ಲವೂ ನಮ್ಮ ಜನರ ಮಾತಿನಲ್ಲೇ ಇರಬೇಕು, ಅರ್ಥವನ್ನು ಪರದೆಯ ಕೆಳಗೆ ಬರೆದು ತೋರಿಸಿದರಾಯಿತು ಎಂದರು. ನಾನೂ ಗತ್ತಿನಿಂದ "ಅದಕ್ಕೇನಂತೆ, ನನ್ನ ತಾಯಿಯ ಮಾತಲ್ವಾ" ಎಂದುಬಿಟ್ಟೆ.

ನಾನು ಈ ಕಸುಬಿಗೆ ಹೇಗೆ ಬಂದೆನೆಂಬುದು ನಿನಗೆ ಗೊತ್ತು. ಮೊದಲು ನಾಯಕಿಗೆ ಕೊಡೆ ಹಿಡಿದೆ. ಆಮೇಲೆ, ನಮ್ಮಂಥವರ ಪಾತ್ರಕ್ಕೆಂದು ಮುಖಕ್ಕೆ ಮಸಿ ಬಳಿದುಕೊಂಡು ಬಂದ ನಟರಿಗೆ ನಮ್ಮ ಮಾತು ಹೇಳಿಕೊಟ್ಟೆ. ಬಾರದವಳು ಕಲಿಸಿದೆ, ಬೇಡದವರು ಕಲಿತರು. ಬೇರೆಯವರ ಹೆಸರಿನಲ್ಲಿ ಧಾರಾವಾಹಿ ಬರೆದೆ, ಎರಡು ಕಿರುಚಿತ್ರ ಮಾಡಿದೆ. ಕ್ಯಾಮೆರಾದ ಮುಂದೆ ಕುಣಿದ ನಮ್ಮವರು ಬೇಕಾದಷ್ಟಿದ್ದಾರೆ. ಹಿಂದೆ ನಿಂತು ಹೀಗೆ ಮಾಡಿ ಎಂದು ಹೇಳಿದವಳು ನಾನೇ ಮೊದಲು. ಇದು ಕೈ ತಪ್ಪಿದರೆ ಇನ್ನೊಬ್ಬರು ಬರಲು ಎಷ್ಟು ಕಾಲ ಬೇಕೋ.

ಕೆಲಸ ಎಂದಿನಂತೆಯೇ. ನಾನು ದೊಡ್ಡ ಭಾಷೆಯಲ್ಲಿ ಬರೆದು ಕಳಿಸುತ್ತೇನೆ, ನೀನು ಸಂಭಾಷಣೆಯನ್ನು ನಮ್ಮ ಮಾತಿಗೆ ತಿರುಗಿಸಿ, ಅದೇ ಅಕ್ಷರದಲ್ಲಿ ಬರೆದು ವಾಪಸ್ ಕಳಿಸು. ನನಗೆ ಬರುವುದು ಬಾ, ಹೋಗು, ತಿನ್ನು, ಮಲಗು, ಸೂಜಿ, ಕತ್ತರಿ. ಆರು ವರ್ಷದ ಮಗುವಿನ ಮಾತು. ಬೋರ್ಡಿಂಗ್ ಶಾಲೆಯವರು ಅಲ್ಲಿಂದ ಮುಂದೆ ಕಲಿಯಲು ಬಿಡಲಿಲ್ಲ.

ಇನ್ನೊಂದು ವಿಷಯ, ಕೂತುಕೊಂಡು ಓದು. ತಾಯಿಯ ಪಾತ್ರವನ್ನು ಅಮ್ಮನೇ ಮಾಡಬೇಕು. ಓದಲು ಬಾರದವಳಿಗೆ ನೀನೇ ಸಾಲು ಸಾಲಾಗಿ ಹೇಳಿಕೊಟ್ಟು ಬಾಯಿಪಾಠ ಮಾಡಿಸು. ನಿನ್ನನ್ನು ಬಿಟ್ಟರೆ ನನಗೆ ಯಾರಿದ್ದಾರೆ ಹೇಳು.

ನಿನ್ನ
ಕಡ್ಡಿ

ಫೆಬ್ರವರಿ 2

ಕಡ್ಡಿಗೆ,

ನಿನ್ನ ಹಾಳೆಗಳ ಕಟ್ಟು ಬಂದಾಗ ನಾನು ಶಾಲೆಯ ಸಮವಸ್ತ್ರಗಳಿಗೆ ಕಾಲರು ಹೊಲಿಯುತ್ತಿದ್ದೆ. ಮೊದಲ ಮೂವತ್ತು ದೃಶ್ಯಗಳನ್ನು ತಿರುಗಿಸಿ ಇದರ ಜೊತೆ ಇಟ್ಟಿದ್ದೇನೆ. ಚೆನ್ನಾಗಿದೆ ಕಣೇ. ನಮ್ಮನ್ನು ಎಬ್ಬಿಸಲು ಜಾಗ ಅಳೆದು ಕಲ್ಲು ನೆಟ್ಟ ದಿನ ಅಮ್ಮ ಹೊಲಿಗೆ ಯಂತ್ರ ತಲೆಯ ಮೇಲೆ ಹೊತ್ತು ಹೊರಟದ್ದನ್ನು ಓದಿ ನನಗೆ ಅಳು ಬಂತು. ಅಮ್ಮನಿಗೆ ಓದಿ ಹೇಳಿದರೆ, "ಅಷ್ಟೇನೂ ಭಾರ ಇರ್ಲಿಲ್ಲ, ಅದರ ಕಾಲು ಬಿಚ್ಚಿಟ್ಟಿದ್ದೆ" ಎಂದಳು. ಅವಳು ಈಗಲೇ ಬಟ್ಟೆ ಕೊಡಲು ಬಂದವರಿಗೆಲ್ಲ "ಏಪ್ರಿಲ್‌ನಲ್ಲಿ ಆಗಲ್ಲಮ್ಮ, ನಂಗೆ ಶೂಟಿಂಗ್ ಇದೆ" ಎನ್ನುತ್ತಿದ್ದಾಳೆ. ನಿನ್ನ ಭಾವನಿಗಂತೂ ಡಿಪೋದಲ್ಲಿ ಬಸ್ಸಿನ ಬ್ರೇಕು ನೋಡುವುದಕ್ಕಿಂತ ಇದರ ಸುದ್ದಿ ಹೇಳುವುದೇ ಕೆಲಸವಾಗಿದೆ.

ಮೂವತ್ತೊಂದನೇ ದೃಶ್ಯ ಮಾತ್ರ ಕಳಿಸಿಲ್ಲ. ಜಾಗ ಅಳೆಯಲು ಬಂದ ಸರ್ವೆಯವನ ಜೊತೆ ಓಡಿಹೋಗಲು ದೊಡ್ಡ ಮಗಳು ಚೀಲ ಹಿಡಿದು ಬಸ್ ನಿಲ್ದಾಣದಲ್ಲಿ ಕಾಯುತ್ತಾಳೆ. ಅವನು ಬರುವುದಿಲ್ಲ. ಮನೆಗೆ ಬರುತ್ತಾಳೆ. ತಾಯಿ ಚೀಲ ತೆರೆದರೆ ಅದರಲ್ಲಿ ತಾಯಿಯದೇ ದೊಡ್ಡ ಕತ್ತರಿ, ಹೋದ ಕಡೆ ಹೊಲಿದು ಬದುಕಲು ಎತ್ತಿಕೊಂಡದ್ದು.

ಇದನ್ನು ನಾನು ಯಾರಿಗೆ ಹೇಳಿದ್ದೆ ಕಡ್ಡಿ? ಕಾಮಾಲೆಯಾಗಿ ನೀನು ಆಸ್ಪತ್ರೆಯಲ್ಲಿ ಮಲಗಿದ್ದಾಗ, ಬದುಕುವುದೇ ಬೇಡ ಎನ್ನುತ್ತಿದ್ದ ನಿನಗೆ ಧೈರ್ಯ ಬರಲಿ ಎಂದು ಹೇಳಿದ್ದೆ. ನನಗೂ ಹೀಗಾಗಿತ್ತು, ಬದುಕಿಲ್ಲವೇ ಎಂದು ಹೇಳಿದ್ದೆ. ನಿನ್ನ ಭಾವನಿಗೆ ಇದು ಗೊತ್ತಿಲ್ಲ. ಅಮ್ಮನಿಗೂ ಗೊತ್ತಿಲ್ಲ. ಆ ಕತ್ತರಿಗಾಗಿ ಮನೆಯೆಲ್ಲ ತಡಕಾಡಿ, ಹಾಸಿಗೆಯ ಕೆಳಗೆ ಸಿಕ್ಕಾಗ ತನ್ನ ಮರೆವನ್ನೇ ಬೈದುಕೊಂಡವಳು ಅವಳು. "ಸತ್ರೂ ಬಾಯಿ ಬಿಡಲ್ಲ ಅಕ್ಕ" ಎಂದು ನೀನೇ ನನ್ನ ಕೈ ಹಿಡಿದು ಹೇಳಿದ್ದೆ. ಈಗ ಅದನ್ನು ನಾನೇ ನಮ್ಮ ಮಾತಿಗೆ ತಿರುಗಿಸಬೇಕು, ನಾನೇ ಅಮ್ಮನ ಎದುರು ಕೂತು ಓದಿ ಬಾಯಿಪಾಠ ಮಾಡಿಸಬೇಕು, ಆಮೇಲೆ ನಮ್ಮವರೆಲ್ಲರ ನಡುವೆ ಗಂಡನ ಪಕ್ಕ ಕೂತು ನೋಡಬೇಕು. ಇಷ್ಟನ್ನೂ ಯೋಚಿಸಿಯೇ ಬರೆದೆಯೋ, ಯೋಚಿಸದೆ ಬರೆದೆಯೋ?

ತೆಗೆದುಬಿಡು. ಬೇರೆ ಏನಾದರೂ ಬರೆ. ನಿನಗೆ ಬರೆಯಲು ಏನು ಬರ.

ಅಕ್ಕ

ಫೆಬ್ರವರಿ 14

ಅಕ್ಕ,

ನೀನು ಇಷ್ಟು ನೊಂದುಕೊಳ್ಳುತ್ತೀಯ ಎಂದು ನನಗೆ ಹೊಳೆಯಲಿಲ್ಲ. ಬರೆಯುವಾಗ ಅದು ನೀನೆಂದು ಅನಿಸಲೇ ಇಲ್ಲ. ಅದು ಪಾತ್ರ ಅಕ್ಕ. ಬರೆದದ್ದೆಲ್ಲ ಯಾರಿಗಾದರೂ ಆದದ್ದೇ ಆಗಿರುತ್ತದೆ, ಇಲ್ಲದಿದ್ದರೆ ಜನ ಯಾಕೆ ನೋಡುತ್ತಾರೆ?

ಆದರೂ ನಿನಗಾಗಿ ಬದಲಾಯಿಸಿದ್ದೇನೆ. ಸರ್ವೆಯವನನ್ನು ಲಾರಿ ಚಾಲಕನನ್ನಾಗಿ ಮಾಡಿದ್ದೇನೆ. ಚೀಲ ಈಗ ಟ್ರಂಕು. ಹುಡುಗಿ ನಿನಗಿಂತ ಗಿಡ್ಡ, ಮುಖವೂ ಬೇರೆ. ಕತ್ತರಿಯನ್ನು ಮಾತ್ರ ತೆಗೆಯಲಾರೆ. ಕತ್ತರಿ ಇಲ್ಲದಿದ್ದರೆ ಆ ದೃಶ್ಯವೇ ಇಲ್ಲ. ನಿರ್ಮಾಪಕರು ಚಿತ್ರಕಥೆ ಓದಿ ಮುಗಿಸಿ, "ಬೇರೆ ಎಲ್ಲ ಇಟ್ಕೊಳಿ ಬಿಡಿ, ನಾನು ದುಡ್ಡು ಹಾಕ್ತಿರೋದು ಈ ಕತ್ತರಿಗೆ" ಎಂದರು. ತಾಯಿ ಅದನ್ನು ಕೈಯಲ್ಲಿ ಹಿಡಿದು, "ಹೋಗೋದಾದ್ರೆ ಹೋಗು. ಕತ್ತರಿ ಮಾತ್ರ ಇಟ್ಟು ಹೋಗು, ನಾಳೆ ಹೊಟ್ಟೆಗೆ ಬೇಕು" ಎನ್ನುವುದೇ ಇಡೀ ಚಿತ್ರ. ಅಮ್ಮನ ಬಾಯಲ್ಲಿ ಅದು ಹೇಗೆ ಬರುತ್ತದೆಂದು ನೆನೆಸಿಕೊಂಡರೇ ಮೈ ಜುಮ್ಮೆನ್ನುತ್ತದೆ.

ಯಾರಿಗೂ ಗೊತ್ತಾಗುವುದಿಲ್ಲ. ಊರಿಗೆಲ್ಲ ಡಂಗುರ ಹೊಡೆಯುವಂಥದ್ದು ಇದರಲ್ಲಿ ಏನಿದೆ? ಇಷ್ಟು ವರ್ಷ ಬೇರೆಯವರ ಬಾಗಿಲು ಕಾದಿದ್ದೇನೆ. ಈ ಒಂದು ಸಲ ನನಗಾಗಿ ಹೊಟ್ಟೆಗೆ ಹಾಕಿಕೋ. ತಿಂಗಳ ಕೊನೆಯೊಳಗೆ ಹಾಳೆ ಸಿಗದಿದ್ದರೆ ಶೂಟಿಂಗ್ ಮುಂದಕ್ಕೆ ಹೋಗುತ್ತದೆ, ಮುಂದಕ್ಕೆ ಹೋದದ್ದು ನಿಂತೇ ಹೋಗುತ್ತದೆ.

ಕಡ್ಡಿ

ಫೆಬ್ರವರಿ 27

ತಂಗಿಗೆ,

ಮೂವತ್ತೊಂದನ್ನು ತಿರುಗಿಸಿ ಕಳಿಸಿದ್ದೇನೆ. ಅಮ್ಮನಿಗೆ ಬಾಯಿಪಾಠವಾಗಿದೆ. ಬರೆದಿರುವಂತೆಯೇ ಹೇಳಿಸು, ಒಂದು ಶಬ್ದವನ್ನೂ ಬದಲಾಯಿಸಬೇಡ.

ಅಕ್ಕ

ಅಕ್ಟೋಬರ್ 20

ಅಕ್ಕಾ,

ಮೊದಲ ಬಹುಮಾನ! ಪತ್ರಿಕೆಯಲ್ಲಿ ಬಂದದ್ದನ್ನು ಕತ್ತರಿಸಿ ಇಟ್ಟಿದ್ದೇನೆ. ಫೋಟೋದಲ್ಲಿ ನಾನು ಉಟ್ಟಿರುವುದು ನೀನು ಅಂಚು ಹೊಲಿದುಕೊಟ್ಟ ಸೀರೆ. ಚಿತ್ರೋತ್ಸವಕ್ಕೆ ಬಾ ಎಂದು ಎಷ್ಟು ಕರೆದೆ, ನೀನು ಸಮವಸ್ತ್ರದ ನೆಪ ಹೇಳಿ ತಪ್ಪಿಸಿಕೊಂಡೆ. ಶೂಟಿಂಗ್ ಮುಗಿದ ಮೇಲೆ ನೀನು ಎರಡೇ ಎರಡು ಪತ್ರ ಬರೆದಿದ್ದೀಯ, ಎರಡರಲ್ಲೂ ಅಮ್ಮನ ಮಂಡಿ ನೋವು ಬಿಟ್ಟು ಬೇರೆ ಇಲ್ಲ. ಇನ್ನೂ ಸಿಟ್ಟೇ?

ಆ ದೃಶ್ಯ ಬಂದಾಗ ಇಡೀ ಸಭಾಂಗಣ ಪರದೆಯತ್ತ ಬಾಗಿ ಕೂತಿತ್ತು. ಅಮ್ಮನ ಮುಖ ಪರದೆಯ ತುಂಬ, ಕೈಯಲ್ಲಿ ಕತ್ತರಿ. ನಿನಗೆ ನೆನಪಿದೆಯಲ್ಲ, ಸಾಲುಗಳನ್ನು ನೆನಪಿಸಲೆಂದು ನೀನು ಅಂದು ಕ್ಯಾಮೆರಾದ ಪಕ್ಕದಲ್ಲೇ ನಿಂತಿದ್ದೆ. ಒಂದೇ ಸಲಕ್ಕೆ ಮುಗಿಯಿತು. ನಾನು ಅಂದುಕೊಂಡದ್ದಕ್ಕಿಂತ ಉದ್ದ ಹೇಳಿದಳು, ಕಣ್ಣೀರು ತಾನಾಗಿ ಇಳಿಯಿತು, ನಾನು ಓಡಿಹೋಗಿ ತಬ್ಬಿಕೊಂಡೆ. ಎರಡು ಸಾಲಿಗೆ ಇಷ್ಟು ಹೊತ್ತು ಯಾಕೆ ಎಂದು ಸಂಕಲನಕಾರ ಕೇಳಿದ್ದಕ್ಕೆ, "ನಮ್ಮ ಮಾತೇ ಹಾಗೆ, ಸುತ್ತಿ ಬಳಸಿ ಬರುತ್ತೆ" ಎಂದು ಬಾಯಿ ಮುಚ್ಚಿಸಿದೆ. ಬಹುಮಾನ ಕೊಟ್ಟವರು ನನ್ನ ಕೈ ಹಿಡಿದು, ನಿಮ್ಮ ತಾಯಿ ನಟಿಸುತ್ತಿಲ್ಲ, ನಿಮ್ಮ ಜೊತೆ ಮಾತಾಡುತ್ತಿದ್ದಾರೆ ಎಂದರು. ಸಂದರ್ಶನದಲ್ಲಿ "ನಾನು ನಮ್ಮ ಮಾತಿನಲ್ಲೇ ಯೋಚಿಸಿ ಬರೆಯೋದು" ಎಂದುಬಿಟ್ಟೆ. ನೀನು ಮೂಗು ಮುರಿಯುತ್ತೀಯ ಎಂದು ಗೊತ್ತು. ಏನು ಮಾಡಲಿ, ಅವರಿಗೆ ಕೇಳಬೇಕಾಗಿದ್ದುದು ಅದೇ.

ಮುಂದಿನ ತಿಂಗಳು ಊರಿಗೆ ತಂದು ನಮ್ಮವರ ಸಮುದಾಯ ಭವನದಲ್ಲಿ ತೋರಿಸುತ್ತೇನೆ. ಹೊಸ ವರ್ಷದಲ್ಲಿ ಚಿತ್ರಮಂದಿರಗಳಿಗೆ. ಅಮ್ಮನಿಗೆ ಮುಂದಿನ ಸಾಲಿನಲ್ಲಿ ಒಳ್ಳೆಯ ಕುರ್ಚಿ ಹಾಕಿಸು.

ನಿನ್ನ
ಕಡ್ಡಿ

ನವೆಂಬರ್ 26

ಅಕ್ಕ,

ಊರಿನಿಂದ ನಾನು ಹೇಳದೆ ಕೇಳದೆ ಹೊರಟು ಬಂದದ್ದಕ್ಕೆ ನೀನು ಕಾರಣ ಕೇಳಿಲ್ಲ. ಕೇಳುವ ಮುಖ ನಿನಗೆಲ್ಲಿದೆ.

ಭವನದಲ್ಲಿ ಚಿತ್ರ ಶುರುವಾದಾಗ ಎಲ್ಲ ಸರಿ ಇತ್ತು. ಜನ ನಗುವ ಕಡೆ ನಕ್ಕರು. ಅಮ್ಮ ಯಂತ್ರ ಹೊತ್ತು ಹೋದಾಗ ಯಾರೋ ಸಿಳ್ಳೆಯನ್ನೂ ಹಾಕಿದರು. ಮೂವತ್ತೊಂದು ಬಂತು. ಒಬ್ಬೊಬ್ಬರಾಗಿ ತಿರುಗಿ ನನ್ನನ್ನು ನೋಡತೊಡಗಿದರು. ಪರದೆಯನ್ನಲ್ಲ, ನನ್ನನ್ನು. ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ. ದೊಡ್ಡಮ್ಮ ಬಂದು ನನ್ನ ತಲೆ ಸವರಿ, ತನ್ನ ಹರಕು ಮುರುಕು ದೊಡ್ಡ ಭಾಷೆಯಲ್ಲಿ "ಇರ್ಲಿ ಬಿಡು ಮಗಾ, ನಿಂದೇನು ತಪ್ಪು" ಎಂದಳು. ನಾನು ಏನೋ ಹೊಗಳಿಕೆ ಎಂದುಕೊಂಡು ನಕ್ಕೆ. ಆ ನಗು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಇಲ್ಲಿ ನಮ್ಮವರೇ ಆದ ಒಬ್ಬ ನಿವೃತ್ತ ಮೇಷ್ಟ್ರಿದ್ದಾರೆ. ಅವರನ್ನು ಸಂಕಲನದ ಕೋಣೆಗೆ ಕರೆದುಕೊಂಡು ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ನನ್ನದೇ ಸಿನಿಮಾ, ನನ್ನದೇ ತಾಯಿ, ಅರ್ಥ ಹೇಳಲು ಮನೆಯ ಹೊರಗಿನವರು. ಅವರು ಒಮ್ಮೆ ಕೇಳಿದರು, ಕನ್ನಡಕ ತೆಗೆದರು, ಮತ್ತೊಮ್ಮೆ ಕೇಳಿದರು. "ಹೇಳ್ಲೇಬೇಕೇನಮ್ಮ?" ಎಂದರು. ಹೇಳಿ ಎಂದೆ.

"ಈ ಕತ್ತರಿ ನಮ್ಮ ಮನೇದಲ್ಲ. ಹೀಗೆ ನಮ್ಮ ಮನೇಲಿ ನಡೆದೇ ಇಲ್ಲ. ಇದು ನನ್ನ ಚಿಕ್ಕ ಮಗಳು ಕಟ್ಟಿದ ಕಥೆ. ನಾನೀಗ ಏನು ಹೇಳ್ತಿದೀನಿ ಅಂತಾನೂ ಅವಳಿಗೆ ತಿಳೀತಿಲ್ಲ."

ಅಷ್ಟಕ್ಕೇ ಯಂತ್ರ ನಿಲ್ಲಿಸಿ, "ಮುಂದೆ ಏನೂ ಇಲ್ಲ, ಇದೇ ತರಹ" ಎಂದು ಎದ್ದುಬಿಟ್ಟರು.

ಪರದೆಯ ಕೆಳಗೆ ನನ್ನ ಸಾಲು, ಮೇಲೆ ಅಮ್ಮನ ಬಾಯಲ್ಲಿ ನಿನ್ನ ಸಾಲು. ಊರೂರು ಸುತ್ತಿ, ಬಹುಮಾನ ಹಿಡಿದುಕೊಂಡು, ನನಗೇ ಬೈದದ್ದನ್ನು ನಾನೇ ಮೆರವಣಿಗೆ ಮಾಡಿಸಿದ್ದೇನೆ. ನನಗೆ ಮಾತು ಬರುವುದಿಲ್ಲವೆಂದು ಗೊತ್ತಿದ್ದು ಆ ಕುರುಡಿನಲ್ಲೇ ಕೈ ಹಾಕಿದೆಯಲ್ಲ ಅಕ್ಕ. ಬೇರೆ ಯಾರು ಮಾಡಿದ್ದರೂ ತಡೆದುಕೊಳ್ಳುತ್ತಿದ್ದೆ. ಕೋಪವಿದ್ದರೆ ಹಾಳೆಯನ್ನು ಹರಿದು ಹಾಕಬೇಕಿತ್ತು. ಅಮ್ಮನನ್ನೂ ಸೇರಿಸಿಕೊಂಡು ಹೀಗೆ ಮಾಡಲು ನಿನಗೆ ಹೇಗೆ ಮನಸ್ಸು ಬಂತು?

ನಿರ್ಮಾಪಕರಿಗೆ ಹೇಳಿದ್ದಾಯಿತು. ಬಿಡುಗಡೆಗೆ ಮುಂಚೆ ಆ ದೃಶ್ಯಕ್ಕೆ ಬೇರೆ ನಟಿಯ ದನಿ ಕೊಡಿಸುತ್ತಾರೆ. ಸಾಲುಗಳನ್ನು ಮೇಷ್ಟ್ರು ತಿರುಗಿಸಿಕೊಡುತ್ತಾರೆ. ಇನ್ನು ನಿನಗೆ ತೊಂದರೆ ಕೊಡುವುದಿಲ್ಲ.

ತಂಗಿ

ಡಿಸೆಂಬರ್ 5

ಕಡ್ಡಿ,

ಮಾಡಿದ್ದು ಹೌದು. ಬೇಕೆಂದೇ ಮಾಡಿದೆ. ಕತ್ತರಿ ಎಂಬ ಶಬ್ದ ನಿನ್ನ ಕಿವಿಗೆ ಬೀಳದಿದ್ದರೆ ಅನುಮಾನ ಬರುತ್ತದೆಂದು ಅದನ್ನು ಮೊದಲಿಗೇ ಇಟ್ಟೆ. ತೆಗೆದುಬಿಡು ಎಂದು ಬೇಡಿಕೊಂಡೆ, ನೀನು ಚೀಲವನ್ನು ಟ್ರಂಕು ಮಾಡಿದೆ. ನನಗೆ ಇನ್ಯಾವ ದಾರಿ ಇತ್ತು? ನಾನು ಹಾಳೆ ಹರಿದಿದ್ದರೆ ನೀನು ಅದೇ ಮೇಷ್ಟ್ರ ಹತ್ತಿರ ತಿರುಗಿಸಿಕೊಂಡಿರುತ್ತಿದ್ದೆ.

ನಮ್ಮವರ ಎದುರು ನನ್ನನ್ನು ಉಳಿಸಿದ್ದು ಆ ನಾಲ್ಕು ಸಾಲು. ಅಂದು ಭವನದಿಂದ ಬರುವಾಗ ನಿನ್ನ ಭಾವ ಮಗಳನ್ನು ಹೆಗಲ ಮೇಲೆ ಕೂರಿಸಿಕೊಂಡು, "ನಿನ್ನ ತಂಗಿ ಕಥೆ ಕಟ್ಟೋದ್ರಲ್ಲಿ ಗಟ್ಟಿ ಬಿಡು, ಅತ್ತೆನೇ ಸಾಕ್ಷಿ ಹೇಳ್ಬೇಕಾಯ್ತು" ಎಂದು ನಕ್ಕರು. ನಾನು ಅಷ್ಟು ತಿಂಗಳ ಮೇಲೆ ನೆಟ್ಟಗೆ ಉಸಿರಾಡಿದೆ.

ಅಮ್ಮನನ್ನು ಸೇರಿಸಿಕೊಂಡೆ ಎನ್ನುತ್ತೀಯ. ಅವಳಿಗೆ ನಾನು ಏನೂ ಹೇಳಿರಲಿಲ್ಲ. ತಂಗಿಯ ಕಥೆಯನ್ನು ಜನ ನಿಜ ಅಂದುಕೊಳ್ಳಬಾರದು, ಹೀಗೆ ಹೇಳಿಬಿಡು ಎಂದೆ. ಹೂಂ ಎಂದಳು. ಶೂಟಿಂಗ್ ದಿನ ನಿಮ್ಮವರು ಟ್ರಂಕಿನೊಳಗೆ ಕತ್ತರಿ ಇಟ್ಟದ್ದನ್ನು ನೋಡಿದಳು, ತಿರುಗಿ ನನ್ನನ್ನು ನೋಡಿದಳು. ಅಷ್ಟೇ. ಅಂದು ತನ್ನ ಕತ್ತರಿ ಕಾಣೆಯಾದದ್ದು ಯಾಕೆಂದು ಅವಳಿಗೆ ಆಗಲೇ ತಿಳಿಯಿತು. ತಿಳಿದ ಮೇಲೂ ದೀಪದ ಮುಂದೆ ಕೂತು, ನಮ್ಮ ಮನೇಲಿ ನಡೆದೇ ಇಲ್ಲ ಎಂದಳು. ಇವತ್ತಿನವರೆಗೆ ನನ್ನನ್ನು ಒಂದು ಮಾತು ಕೇಳಿಲ್ಲ.

ಮೇಷ್ಟ್ರು ಒಳ್ಳೆಯವರು, ನಿನಗೆ ಪೂರ್ತಿ ಹೇಳಿಲ್ಲ. ಮುಂದೆ ಇದೆ. ಅದನ್ನು ನಾನು ಬರೆದುಕೊಟ್ಟಿರಲಿಲ್ಲ. ನನ್ನ ಸಾಲು ಮುಗಿದ ಮೇಲೆ ಅಮ್ಮ ನಿಲ್ಲಿಸಲಿಲ್ಲ, ತಾನಾಗಿ ಹೇಳಿದಳು. ಅವಳು ಅತ್ತದ್ದು ಅಲ್ಲಿ. ನಾನು ಕ್ಯಾಮೆರಾದ ಪಕ್ಕ ನಿಂತು ಕೇಳಿದೆ, ನೀನು ನನ್ನ ಎದುರೇ ನಿಂತು ತಲೆದೂಗುತ್ತಿದ್ದೆ. ಈಗ ಬರೆಯುತ್ತೇನೆ.

"ಅವಳನ್ನ ನೋಡಿ ನಗಬೇಡಿ. ಮಾತು ಕಲಿಯೋ ವಯಸ್ಸಲ್ಲಿ ಅವಳನ್ನ ನನ್ನಿಂದ ಕರ್ಕೊಂಡು ಹೋದ್ರು. ತಿರುಗಿ ಬಂದಾಗ ನಾನು ಹೇಳಿದ್ದು ಅವಳಿಗಿಲ್ಲ, ಅವಳು ಹೇಳಿದ್ದು ನನಗಿಲ್ಲ. ಇವತ್ತು ನನ್ನ ಎದುರು ಬಂದು ನಿಂತು ನನ್ನ ಮಾತು ಕೇಳ್ತಿದಾಳೆ. ಇದಕ್ಕೆ ಇಷ್ಟು ಜನ, ಇಷ್ಟು ದೀಪ ಬೇಕಾಯ್ತು. ಕೇಳ್ಲಿ ಬಿಡಿ."

ದೊಡ್ಡಮ್ಮ ನಿನ್ನ ತಲೆ ಸವರಿದ್ದು ಇದಕ್ಕೆ. ಜನ ತಿರುಗಿ ನೋಡಿದ್ದು ಇದಕ್ಕೆ. ನಿನ್ನನ್ನು ಯಾರೂ ಆಡಿಕೊಳ್ಳಲಿಲ್ಲ ಕಣೇ.

ನನ್ನ ಮೇಲಿನ ಸಿಟ್ಟು ನನ್ನ ಮೇಲೇ ಇರಲಿ, ಜನ್ಮವಿಡೀ ಇಟ್ಟುಕೋ. ಆ ದೃಶ್ಯವನ್ನು ಪೂರ್ತಿ ತೆಗೆ, ಇಲ್ಲವೇ ಇದ್ದ ಹಾಗೆ ಬಿಡು. ಅಮ್ಮನ ಮುಖಕ್ಕೆ ಇನ್ನೊಬ್ಬಳ ದನಿ ಮಾತ್ರ ಹಾಕಬೇಡ. ಹಾಕಿದರೆ ಅವಳು ಹೇಳಿದ್ದೂ ಹೋಗುತ್ತದೆ, ನನ್ನ ಮನೆಯೂ ಹೋಗುತ್ತದೆ. ಕಾಲಿಗೆ ಬಿದ್ದೆ ಅಂದುಕೋ.

ಅಕ್ಕ

ಡಿಸೆಂಬರ್ 19

ಅಕ್ಕ,

ನಿನ್ನ ಪತ್ರ ತಲುಪಿದಾಗ ಡಬ್ಬಿಂಗ್ ಆಗಿರಲಿಲ್ಲ. ಸುಳ್ಳು ಹೇಳುವುದಿಲ್ಲ. ಪತ್ರವನ್ನು ಜೊತೆಗೆ ಇಟ್ಟುಕೊಂಡೇ ಸ್ಟುಡಿಯೋಗೆ ಹೋದೆ. ಗಾಜಿನ ಆಚೆ ಆ ನಟಿ, ಈಚೆ ನಾನು ಮತ್ತು ನಿರ್ಮಾಪಕರು. ದೃಶ್ಯ ತೆಗೆದರೆ ಚಿತ್ರ ಬೇಡ ಎಂದರು. ಇದ್ದ ಹಾಗೆ ಬಿಟ್ಟರೆ, ಬಹುಮಾನ ಪಡೆದ ನಿರ್ದೇಶಕಿಗೆ ತನ್ನ ಚಿತ್ರವೇ ಅರ್ಥವಾಗಿರಲಿಲ್ಲ ಎಂದು ಯಾರಾದರೂ ಒಬ್ಬರು ಬರೆದರೆ ಸಾಕು. ಆಮೇಲೆ ನನಗಷ್ಟೇ ಅಲ್ಲ, ನಮ್ಮವರಲ್ಲಿ ಯಾರಿಗೂ ಯಾರೂ ಕ್ಯಾಮೆರಾ ಕೊಡುವುದಿಲ್ಲ.

ಅಮ್ಮ ಹೇಳಿದ್ದನ್ನು ಓದಿದೆ. ತುಂಬ ಸಲ ಓದಿದೆ. ಆದರೂ ಮಾಡಿಸಿದೆ.

ನಟಿ ಚೆನ್ನಾಗಿ ಹೇಳಿದ್ದಾಳೆ, ತುಟಿಗೆ ಸರಿಯಾಗಿ ಕೂತಿದೆ. ಯಾರಿಗೂ ಗೊತ್ತಾಗುವುದಿಲ್ಲ.

ತಂಗಿ

ಫೆಬ್ರವರಿ 11

ತಂಗಿಗೆ,

ಪೇಟೆಯ ಚಿತ್ರಮಂದಿರದಲ್ಲಿ ನಿನ್ನ ಸಿನಿಮಾ ನೋಡಿ ಬಂದೆವು. ಬೇಡವೆಂದರೂ ನಿನ್ನ ಭಾವ ಬಿಡಲಿಲ್ಲ. ಡಿಪೋದ ಗೆಳೆಯರನ್ನೆಲ್ಲ ಕಟ್ಟಿಕೊಂಡು, ಅಮ್ಮನಿಗೆ ಹೊಸ ಚಪ್ಪಲಿ ಕೊಡಿಸಿ, ಮೆರವಣಿಗೆಯಂತೆ ಕರೆದುಕೊಂಡು ಹೋದರು.

ಯಾರಿಗೂ ಗೊತ್ತಾಗುವುದಿಲ್ಲ ಎಂದು ನೀನು ಎರಡು ಸಲ ಬರೆದಿದ್ದೆ. ಅಮ್ಮನ ಬಾಯಿ ತೆರೆಯಿತು, ಎಳೆಯ ಹೆಂಗಸಿನ ದನಿ ಬಂತು. ಹೋಗೋದಾದ್ರೆ ಹೋಗು, ಕತ್ತರಿ ಮಾತ್ರ ಇಟ್ಟು ಹೋಗು. ನಿನ್ನ ಭಾವ ಪರದೆ ನೋಡಿದರು, ಆಮೇಲೆ ನನ್ನ ಮುಖ ನೋಡಿದರು. ಮನೆಗೆ ಬಂದ ಮೇಲೆ ಕೇಳಿದರು. "ಆವತ್ತು ಅತ್ತೆ ನಡೆದೇ ಇಲ್ಲ ಅಂದಿದ್ರಲ್ಲ. ಅದನ್ನ ಯಾಕೆ ಅಳಿಸಿದ್ರು?" ನಾನು ಯಂತ್ರದ ಮುಂದೆ ಕೂತು ಸೂಜಿಗೆ ನೂಲು ಪೋಣಿಸತೊಡಗಿದೆ. ಅದೇ ಉತ್ತರವಾಯಿತು. ಓಡಿಹೋಗಲು ನಿಂತಿದ್ದಕ್ಕೆ ಅವರಿಗೆ ಬೇಸರವಿಲ್ಲವಂತೆ. ಊರಿಗೆಲ್ಲ ತೋರಿಸುವಷ್ಟು ತಂಗಿಗೆ ಹೇಳಿದವಳು ತನಗೊಬ್ಬನಿಗೆ ಹೇಳಲಿಲ್ಲ ಎಂದು ಬೇಸರ. ಈಗ ಅವರು ಅಗತ್ಯಕ್ಕಿಂತ ಒಂದು ಮಾತು ಹೆಚ್ಚು ಆಡುವುದಿಲ್ಲ. ಮಗಳ ಕೈಲಿ "ಊಟ ಬಡಿಸು ಅಂತ ಅಮ್ಮಂಗೆ ಹೇಳು" ಎಂದು ಹೇಳಿ ಕಳಿಸುತ್ತಾರೆ, ನಾನು ಎರಡು ಮಾರು ದೂರದಲ್ಲಿ ಯಂತ್ರದ ಮುಂದೆ ಕೂತಿರುತ್ತೇನೆ. ಇದು ಎಲ್ಲಿಗೆ ಹೋಗಿ ನಿಲ್ಲುತ್ತದೋ ತಿಳಿಯದು. ನಿನ್ನನ್ನು ನಾನು ಕ್ಷಮಿಸಿಲ್ಲ. ಇನ್ನು ಮುಂದೆ ನನಗೆ ಹಾಳೆ ಕಳಿಸಬೇಡ, ಪತ್ರವನ್ನೂ ಬರೆಯಬೇಡ.

ಅಮ್ಮನ ವಿಷಯ ಒಂದು ಹೇಳಿ ಮುಗಿಸುತ್ತೇನೆ. ಚಿತ್ರಮಂದಿರದಲ್ಲಿ ಅವಳು ಅಲುಗಾಡದೆ ಕೂತಿದ್ದಳು. ಬೇರೊಬ್ಬಳ ದನಿ ತನ್ನ ಬಾಯಿಂದ ಬರುವುದನ್ನು ಕೊನೆಯವರೆಗೂ ಕೇಳಿದಳು. ಹೊರಗೆ ಬಂದ ಮೇಲೆ, ಅವಳಿಗೆ ಹೇಗೆ ಸಮಾಧಾನ ಹೇಳುವುದೆಂದು ನಾನು ತಡವರಿಸುತ್ತಿದ್ದರೆ, ಅವಳೇ ನನ್ನ ತೋಳು ಹಿಡಿದು ನಮ್ಮ ಮಾತಿನಲ್ಲಿ ಕೇಳಿದಳು.

"ತೆಗೆಸಿದಾಳೆ ಅಂದ್ರೆ, ನಾನು ಹೇಳಿದ್ದು ಅವಳಿಗೆ ಅರ್ಥ ಆಯ್ತು ಅಂತ ಆಯ್ತಲ್ಲ?"

ಹೌದಮ್ಮ ಎಂದೆ.

"ಪೂರ್ತಿ?"

ಪೂರ್ತಿ ಎಂದೆ. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಎಂದೂ ಕಂಡಿರಲಿಲ್ಲ.

ಅಕ್ಕ